ಮೂವತ್ತೊಂದನೆಯ ಚೂರು

ಭದ್ರಾವತಿ
11 ಫೆಬ್ರವರಿ 1935

ಅಕ್ಕನಿಗೆ ಜನಾರ್ದನನ ನಮಸ್ಕಾರ.

ಈ ಪತ್ರದ ಜೊತೆ ನಮ್ಮ ಕಾರ್ಖಾನೆಯ ಕುಲುಮೆಯಲ್ಲಿರುವ ನಿಮ್ಮೂರಿನ ಮೂರ್ತಪ್ಪ ಒಂದು ಬಿಸ್ಕತ್ತಿನ ಡಬ್ಬಿ ತಂದುಕೊಡುತ್ತಾನೆ. ಆಸೆಪಡಬೇಡ, ಒಳಗಿರುವುದು ಬಿಸ್ಕತ್ತಲ್ಲ, ಗಾಜಿನ ಚೂರು. ಹತ್ತಿಯ ಮೇಲೆ ಒಂದೊಂದಾಗಿ ಇಟ್ಟಿದ್ದೇನೆ. ಎಣಿಸಿ ಮೂವತ್ತೊಂದು.

ನಮ್ಮ ಹೊಳೆಹೊನ್ನೂರಿನ ಆಚೆ ಹೊಳೆದಂಡೆಯ ದಿಬ್ಬ ನೆನಪಿದೆಯಲ್ಲ, ಅಪ್ಪ ಬಳೆಯ ಮಲಾರ ಹೆಗಲಿನಿಂದ ಇಳಿಸಿ ಬೀಡಿ ಹಚ್ಚುತ್ತಿದ್ದ ಜಾಗ? ಅಲ್ಲಿ ಇಟ್ಟಿಗೆಗೆ ಮಣ್ಣು ತೆಗೆಯುವಾಗ ಒಂದು ಮಡಕೆ ಸಿಕ್ಕಿತು. ಇವು ಆ ಮಡಕೆಯೊಳಗಿದ್ದವು. ಕಾರ್ಖಾನೆಯಲ್ಲಿ ನಮ್ಮ ಪ್ರಯೋಗಶಾಲೆಯ ದೊಡ್ಡ ಸಾಹೇಬರಿಗೆ ಹಳೆಯ ಸಾಮಾನಿನ ಹುಚ್ಚು. ನೋಡಿದವರೇ, ಇದು ಹಿಡಿ ಇರುವ ಹೂಜಿ, ಸಾವಿರದೈನೂರು ವರ್ಷಕ್ಕೆ ಕಡಿಮೆಯಿಲ್ಲ ಎಂದರು. ಇದನ್ನು ಕೂಡಿಸುವವರು ಈ ಸೀಮೆಯಲ್ಲಿ ಯಾರಿದ್ದಾರೆ ಎಂದು ಕೊರಗುತ್ತಿದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ, "ನಾನು ನೋಡ್ತೀನಿ ಸಾರ್" ಅಂದುಬಿಟ್ಟೆ. ಹಾಗನ್ನುವಾಗ ನನ್ನ ಮನಸ್ಸಿನಲ್ಲಿದ್ದದ್ದು ನಿನ್ನ ಕೈ.

ಭಾವ ಹೋದ ಮೇಲೆ ನೀನು ಬಳೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಡಕು ಆರಿಸುತ್ತಾ ಕೂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಇದಾದರೂ ನಿನ್ನ ಕೈಗೆ ತಕ್ಕ ಕೆಲಸ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಸೀಸೆಯಲ್ಲಿ ಕಳಿಸಿದ್ದೇನೆ, ಅದೇ ಅಂಟು. ತಪ್ಪಿ ಅಂಟಿಸಿದರೆ ಬರೀ ಸ್ಪಿರಿಟ್ಟು ಸವರು, ಬಿಟ್ಟುಕೊಳ್ಳುತ್ತದೆ. ನಿನ್ನ ಓರಗಿತ್ತಿ ಚಿನ್ನಮ್ಮ ತಕರಾರು ತೆಗೆದರೆ ಸರ್ಕಾರದ ಸಾಮಾನು ಎಂದು ಹೆದರಿಸು.

ನಿನ್ನ ತಮ್ಮ
ಜನಾರ್ದನ


ಶಿವಮೊಗ್ಗ
22 ಫೆಬ್ರವರಿ 1935

ಜನಾರ್ದನನಿಗೆ,

ಡಬ್ಬಿ ಬಂತು. ನೀನಂದ ಹಾಗೆಯೇ ಚಿನ್ನಮ್ಮ ರಾಗ ತೆಗೆದಳು. "ಅಯ್ಯೋ ಮಾರಾಯ್ತಿ, ಬಳೆ ಮಾರೋ ಮನೇಲಿ ಯಾರಾದ್ರೂ ಒಡಕು ಗಾಜು ಗಂಟು ಕಟ್ಟಿ ಇಟ್ಕೋತಾರಾ? ಲಕ್ಷ್ಮಿ ಹೊಸ್ತಿಲು ತುಳೀತಾಳಾ?" ಅಂದಳು. ನಾನೂ ಬಿಡಲಿಲ್ಲ. "ಒಡಕು ಆರಿಸೋಕೆ ತಾನೇ ನನ್ನನ್ನ ಈ ಕೋಣೇಲಿ ಕೂರಿಸಿರೋದು? ಇದೂ ಒಡಕೇ" ಅಂದೆ. ಮೈದುನ ಗೋವಿಂದಯ್ಯ ಅಂಗಡಿಯಿಂದಲೇ ನಕ್ಕ. ಅವಳು ಗೊಣಗುತ್ತಾ ಒಳಗೆ ಹೋದಳು.

ನೀನು ನನ್ನ ಕೈಯ ಮಾತು ಬರೆದೆ, ಅದಕ್ಕೆ ಹೇಳುತ್ತೇನೆ. ಈ ಪೇಟೆಯಲ್ಲಿ ನನ್ನಷ್ಟು ನೋಯಿಸದೆ ಬಳೆ ತೊಡಿಸುವವರು ಇರಲಿಲ್ಲ. ಏಳು ತಿಂಗಳ ಬಸುರಿಯರು, ಕೈ ಊದಿಕೊಂಡವರು, "ಹುಲಿಗೆಮ್ಮ ಇದ್ದಾಳಾ" ಎಂದು ಕೇಳಿಕೊಂಡು ಬರುತ್ತಿದ್ದರು. ಈಗ ಮೂರು ವರ್ಷದಿಂದ ಒಬ್ಬ ಮುತ್ತೈದೆಯ ಮುಂಗೈ ಮುಟ್ಟಿಲ್ಲ. ನಾನು ಮುಟ್ಟಿದರೆ ಅವರಿಗೆ ಕೇಡಂತೆ. ನನ್ನಿಂದಲೇ ತೊಡಿಸಿಕೊಂಡು ಗಂಡನ ಮನೆಗೆ ಹೋದವಳು ಈಗ ನನ್ನ ನೆರಳು ಕಂಡರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಾಳೆ. ಈ ಚೂರುಗಳು ಹಾಗೇನೂ ಮಾಡುವುದಿಲ್ಲ. ಕೆಲಸ ಹಿಡಿದಿದ್ದೇನೆ.

ಒಂದು ಮಾತು. ನನ್ನ ಎಣಿಕೆಗೆ ಮೂವತ್ತೇ ಸಿಕ್ಕವು. ಬೆರಳಿಗೆ ಒಲೆಯ ಕೆಂಡ ತಾಗಿ ಬೊಬ್ಬೆ ಎದ್ದಿದೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನ ಅಕ್ಕ


ಭದ್ರಾವತಿ
26 ಫೆಬ್ರವರಿ 1935

ಅಕ್ಕನಿಗೆ,

ಮೂವತ್ತೊಂದು ಇದ್ದವು. ನಾನೇ ಎರಡು ಸಲ ಎಣಿಸಿದ್ದೆ. ಮೂರ್ತಪ್ಪನನ್ನು ಕಾರ್ಖಾನೆಯ ಗೇಟಿನಲ್ಲಿ ನಿಲ್ಲಿಸಿ ನಾಲ್ಕು ಜನರೆದುರು ಚೆನ್ನಾಗಿ ಬೈದೆ. "ರೈಲಲ್ಲಿ ಡಬ್ಬಿ ಮುಚ್ಚಳ ಮುಟ್ಟಿಲ್ಲ ಸ್ವಾಮಿ, ನಮ್ಮವ್ವನಾಣೆ" ಎಂದು ಅತ್ತ. ಅತ್ತರೆ ಚೂರು ಬರುತ್ತದೆಯೇ? ಬಿಸ್ಕತ್ತು ಇದೆಯೆಂದು ಬಿಚ್ಚಿರುತ್ತಾನೆ, ಆಗ ಬಿದ್ದಿರುತ್ತದೆ. ಕುಲುಮೆಯ ಕೆಲಸದವರಿಗೆ ಇಂಥದ್ದರ ಬೆಲೆ ಎಲ್ಲಿ ತಿಳಿಯಬೇಕು. ಇನ್ನು ಮೇಲೆ ಅವನ ಕೈಯಲ್ಲಿ ಏನೂ ಕಳಿಸುವುದಿಲ್ಲ.

ನೀನು ನಿಧಾನವಾಗಿ ಮಾಡು. ಸಾಹೇಬರು ದಿನಾ ಕೇಳುತ್ತಾರೆ, ನಾನು ಏನೋ ಹೇಳಿಕೊಂಡು ದಿನ ದೂಡುತ್ತಿದ್ದೇನೆ. ಬೊಬ್ಬೆಗೆ ಬೆಣ್ಣೆ ಹಚ್ಚು.

ಜನಾರ್ದನ


ಶಿವಮೊಗ್ಗ
2 ಮೇ 1935

ಜನಾರ್ದನನಿಗೆ,

ನಿನ್ನ ಮೂರು ಪತ್ರಕ್ಕೆ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಿದ್ದೀಯೆ. ಬರೆಯಲು ಏನಿತ್ತು? ಏಪ್ರಿಲ್ಲಿನಲ್ಲಿ ಮಾಡಿದ್ದೆಲ್ಲ ಹಾಳಾಯಿತು. ಹೂಜಿಯ ಬಾಯಿಯ ಕಡೆಯಿಂದ ಶುರುಮಾಡಿದ್ದೆ. ಇಪ್ಪತ್ತಾರು ಚೂರು ಚೆನ್ನಾಗಿ ಕೂತವು. ಕೊನೆಯ ನಾಲ್ಕು ಏನು ಮಾಡಿದರೂ ಕೂರಲಿಲ್ಲ. ಎಲ್ಲೋ ಮೊದಲಲ್ಲೇ ಕೂದಲೆಳೆಯಷ್ಟು ತಪ್ಪಿತ್ತು. ಆ ತಪ್ಪು ಬೆಳೆಯುತ್ತಾ ಬೆಳೆಯುತ್ತಾ ಹೋಗಿ ಕೊನೆಯ ಚೂರಿಗೆ ಜಾಗವೇ ಇಲ್ಲದಂತೆ ಮಾಡಿತ್ತು. ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ಸ್ಪಿರಿಟ್ಟು ಸವರಿ ಎಲ್ಲವನ್ನೂ ಬಿಡಿಸಿ ಮತ್ತೆ ಹತ್ತಿಯ ಮೇಲೆ ಇಟ್ಟೆ.

ಈಗ ತಳದಿಂದ ಮೇಲಕ್ಕೆ ಬರುತ್ತಿದ್ದೇನೆ. ಬೋಗುಣಿಯ ತುಂಬ ರಾಗಿ ಹಾಕಿಕೊಂಡಿದ್ದೇನೆ. ಅಂಟಿಸಿದ ಚೂರನ್ನು ರಾಗಿಯಲ್ಲಿ ಊರಿದರೆ ಹೇಗೆ ಬೇಕಾದರೆ ಹಾಗೆ ಒರಗಿ ನಿಲ್ಲುತ್ತದೆ, ಅಂಟು ಒಣಗುವವರೆಗೆ ಜಾರುವುದಿಲ್ಲ. ದಿನಕ್ಕೆ ಒಂದೇ ಚೂರು. ಅಂಚನ್ನು ಅಂಚಿಗೆ ತಾಗಿಸಿ ಕಣ್ಣು ಮುಚ್ಚಿ ಉಗುರು ಆಡಿಸುತ್ತೇನೆ. ತಪ್ಪಿದ್ದರೆ ಕಣ್ಣಿಗೆ ಕಾಣದಿದ್ದರೂ ಉಗುರಿಗೆ ತೊಡಕುತ್ತದೆ.

ಮೊನ್ನೆ ಚಿನ್ನಮ್ಮ ಒಳ್ಳೆಯ ಮನಸ್ಸಿನಿಂದಲೇ ಹುಣಸೆಹಣ್ಣು, ಬೂದಿ ತಂದಳು. "ಕೊಡೇ ಇಲ್ಲಿ, ಹಿತ್ತಾಳೆ ತಂಬಿಗೆ ಹಂಗೆ ಫಳಫಳ ಅನ್ನಿಸ್ತೀನಿ" ಅಂದಳು. ಅವಳ ಕೈ ಹಿಡಿದುಕೊಂಡೆ. ಮೇಲೆ ಪಾರಿವಾಳದ ಕತ್ತಿನ ಬಣ್ಣದ ಪೊರೆ ಇದೆಯಲ್ಲ, ಅದು ಕೊಳೆಯಲ್ಲ. ಅದೂ ಗಾಜೇ, ಮುದಿಯಾದ ಗಾಜು. ತಿಕ್ಕಿದರೆ ಸುಲಿದು ಬರುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ಮೂರ್ತಪ್ಪನನ್ನು ಬೈದದ್ದು ಸರಿಯಲ್ಲ. ಅವನದೇನೂ ತಪ್ಪಿರಲಾರದು, ಬಿಟ್ಟುಬಿಡು.

ನಿನ್ನ ಅಕ್ಕ


ಶಿವಮೊಗ್ಗ
30 ಜೂನ್ 1935

ಜನಾರ್ದನ,

ಮುಗಿಯಿತು ಕಣೋ! ಇವತ್ತು ಬೆಳಿಗ್ಗೆ ಹಿಡಿ ಕೂತಿತು. ಕಿಟಕಿಯಲ್ಲಿಟ್ಟು ಮಡಿಲಲ್ಲಿ ಕೈಯಿಟ್ಟುಕೊಂಡು ನೋಡುತ್ತಲೇ ಇದ್ದೆ. ಎಳೆ ಹುಣಸೆ ಚಿಗುರಿನ ಹಸಿರು. ಭುಜದ ಹತ್ತಿರ ಹುಣಸೆಬೀಜದಷ್ಟು ಒಂದು ತೂತು ಉಳಿದಿದೆ, ಅದೊಂದು ಚೂರು ಇಲ್ಲವಲ್ಲ. ಅದನ್ನು ಬಿಟ್ಟರೆ ಯಾವ ಅರಸನ ಮನೆಯಲ್ಲೂ ಇಡಬಹುದು. ಗೋವಿಂದಯ್ಯ ಅಂಗಡಿ ಬಿಟ್ಟು ಬಂದು ನೋಡಿ, "ಅತ್ತಿಗೆ, ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು" ಅಂದವನು ಅಲ್ಲೇ ನಾಲಿಗೆ ಕಚ್ಚಿಕೊಂಡ. ನಾನು ನಕ್ಕುಬಿಟ್ಟೆ.

ನೀನೇ ಬಂದು ತೆಗೆದುಕೊಂಡು ಹೋಗು. ದಸರಾಕ್ಕೆ ಮೈಸೂರಿನ ವಸ್ತುಪ್ರದರ್ಶನಕ್ಕೆ ಕಳಿಸುತ್ತಾರೆ ಎಂದು ನೀನು ಬರೆದಿದ್ದೆ. ಅಲ್ಲಿ ಸಾಮಾನಿನ ಮುಂದೆ ಚೀಟಿ ಇಡುತ್ತಾರಂತೆ. ನನಗೆ ಸೀರೆ ಬೇಡ, ಸಾಹೇಬರ ಇನಾಮೂ ಬೇಡ. ಆ ಚೀಟಿಯಲ್ಲಿ "ಕೂಡಿಸಿದವರು ಹುಲಿಗೆಮ್ಮ, ಶಿವಮೊಗ್ಗ" ಎಂದು ಬರೆಸು. ಅಷ್ಟು ಸಾಕು. ಹುಟ್ಟಿದ ಮೇಲೆ ನಿನ್ನನ್ನು ಇದೊಂದೇ ಕೇಳಿದ್ದೇನೆ, ನೆನಪಿರಲಿ.

ನಿನ್ನ ಅಕ್ಕ


ಭದ್ರಾವತಿ
8 ಜುಲೈ 1935

ಅಕ್ಕನಿಗೆ ನಮಸ್ಕಾರ.

ಹೂಜಿ ಕ್ಷೇಮವಾಗಿ ತಲುಪಿತು. ರೈಲಿನಲ್ಲಿ ಮಗುವನ್ನು ಎತ್ತಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ನನ್ನ ಬೆನ್ನು ತಟ್ಟಿದರು. ಆ ಸಂತೋಷದಲ್ಲಿ ಎಲ್ಲ ವಿವರ ಹೇಳಲು ಆಗಲಿಲ್ಲ. ಚೀಟಿಯ ವಿಷಯ ನನ್ನ ಗಮನದಲ್ಲಿದೆ. ದೊಡ್ಡವರ ಹತ್ತಿರ ಹೊತ್ತು ನೋಡಿ ಮಾತಾಡಬೇಕು, ನಿನಗೆ ತಿಳಿಯದ್ದೇನಲ್ಲ.

ಜನಾರ್ದನ


ಶಿವಮೊಗ್ಗ
16 ಅಕ್ಟೋಬರ್ 1935

ಜನಾರ್ದನನಿಗೆ,

ಮೂರು ತಿಂಗಳಿಂದ ನಿನ್ನ ಪತ್ರವಿಲ್ಲ. ದಸರಾ ಮುಗಿಯಿತು. ಪ್ರದರ್ಶನದಲ್ಲಿ ಹೂಜಿಯ ಮುಂದಿನ ಚೀಟಿಯಲ್ಲಿ ಏನು ಬರೆದಿದ್ದರು? ಅಕ್ಷರಕ್ಕಕ್ಷರ ಬರೆದು ಕಳಿಸು.

ನಿನ್ನ ಅಕ್ಕ


ಭದ್ರಾವತಿ
3 ನವೆಂಬರ್ 1935

ಅಕ್ಕನಿಗೆ ಅನೇಕ ನಮಸ್ಕಾರಗಳು.

ಕೆಲಸದ ಒತ್ತಡದಲ್ಲಿ ಬರೆಯಲಾಗಲಿಲ್ಲ, ಸಿಟ್ಟು ಮಾಡಬೇಡ. ಚೀಟಿಯ ಮಾತು ಕೇಳಿದ್ದೀಯೆ. ಅದರಲ್ಲಿ "ಶಿವಮೊಗ್ಗದ ಕುಶಲಿಯೊಬ್ಬರು ಕೂಡಿಸಿದ್ದು" ಎಂದು ಹಾಕಿದ್ದರು. ಹೆಸರು ಹಾಕಲು ಜಾಗ ಸಾಲಲಿಲ್ಲ. ಮೇಲಾಗಿ ದಸರಾ ಮಂಗಳಕಾರ್ಯ, ಅರಮನೆಯ ಮಂದಿ ಬಂದು ನೋಡುವ ಜಾಗ. ನಿನ್ನಂಥವಳ ಹೆಸರು ಅಲ್ಲಿ ಹಾಕಿಸಿ ನಾಳೆ ಯಾರಾದರೂ ಒಂದು ಮಾತಾಡಿದರೆ ನೋವು ನಿನಗೇ. ನಿನ್ನ ಒಳ್ಳೆಯದಕ್ಕೇ ನಾನು ಒತ್ತಾಯ ಮಾಡಲಿಲ್ಲ. ಶಿವಮೊಗ್ಗದ ಕುಶಲಿ ಎಂದರೆ ನೀನಲ್ಲದೆ ಇನ್ಯಾರು?

ಈಗ ಅವಸರದ ಮಾತು. ಮೈಸೂರಿನಿಂದ ಬರುವಾಗ ಬಿಸಿಲಿಗೆ ಅರಗು ಮೆತ್ತಗಾಗಿ ಹೂಜಿಯ ಹಿಡಿ ಬಿಟ್ಟುಕೊಂಡಿದೆ. ಇಪ್ಪತ್ತನೆಯ ತಾರೀಕು ಬೆಂಗಳೂರಿನಿಂದ ಪ್ರಾಚ್ಯವಸ್ತುಗಳ ಅಧಿಕಾರಿಯೊಬ್ಬರು ಬರುತ್ತಾರೆ. ಹಿಡಿ ಕೂಡಿಸುವುದನ್ನು ಕಣ್ಣಾರೆ ನೋಡಬೇಕಂತೆ. ಮೆಚ್ಚಿದರೆ ನನ್ನನ್ನು ಅವರ ಇಲಾಖೆಗೆ ಕರೆದುಕೊಳ್ಳುವ ಮಾತಿದೆ. ಈ ಹೊಗೆ, ಈ ಕಬ್ಬಿಣದ ಪುಡಿ, ಎಲ್ಲದರಿಂದ ಬಿಡುಗಡೆ. ನನ್ನ ಜನ್ಮದ ಪ್ರಶ್ನೆ ಇದು. ಮತ್ತೆ ಅರಗು ಹಾಕಿದರೆ ಮತ್ತೆ ಬಿಡಬಹುದು. ಗಟ್ಟಿಯಾಗಿ ನಿಲ್ಲುವ ಹಾಗೆ ಹೇಗೆ ಮಾಡಲಿ? ನಿನ್ನನ್ನೇ ಕರೆಸೋಣವೆಂದರೆ ಅಧಿಕಾರಿಗಳ ಎದುರು ನೀನು ಬಂದು ಕೂರುವುದು ಚೆನ್ನಾಗಿರುವುದಿಲ್ಲ. ಬೇಗ ಬರೆ.

ನಿನ್ನ ಪ್ರೀತಿಯ ತಮ್ಮ
ಜನಾರ್ದನ


ಶಿವಮೊಗ್ಗ
7 ನವೆಂಬರ್ 1935

ನನ್ನ ಮುದ್ದು ತಮ್ಮ ಜನಾರ್ದನನಿಗೆ ಅಕ್ಕನ ತುಂಬು ಆಶೀರ್ವಾದ.

ಚೀಟಿಯ ವಿಷಯ ತಿಳಿಯಿತು. ನೀನು ಮಾಡಿದ್ದೇ ಸರಿ. ಹೆಸರಿನಲ್ಲಿ ಏನಿದೆ ಬಿಡು.

ಹಿಡಿಯ ಯೋಚನೆ ಬೇಡ. ನಾವು ಚಿಕ್ಕವರಿದ್ದಾಗ ಜಗಲಿಯಲ್ಲಿ ಕೂತು ಒಡಕು ಬಳೆಯಿಂದ ಸರ ಮಾಡುತ್ತಿದ್ದೆವಲ್ಲ, ನೆನಪು ಮಾಡಿಕೊ. ದೀಪದ ಉರಿಗೆ ಬಳೆಚೂರು ಹಿಡಿದರೆ ಮೆತ್ತಗಾಗಿ ಬಾಗುತ್ತಿತ್ತು, ತುದಿಗೆ ತುದಿ ಕೂಡಿಸಿದರೆ ಬೆಸೆದುಕೊಂಡು ಎಳೆದರೂ ಬಿಡುತ್ತಿರಲಿಲ್ಲ. ನೀನು ನನ್ನ ಕತ್ತಿಗೆ ಕೆಂಪು ಸರ ಹಾಕಿ ಕುಣಿದಾಡಿದ್ದೆ. ಗಾಜು ಎಲ್ಲಿದ್ದರೂ ಗಾಜೇ. ಹಾಗೆಯೇ ಮಾಡು. ನಿನ್ನ ಸ್ಪಿರಿಟ್ಟಿನ ದೀಪ ಹಚ್ಚಿ, ಹೂಜಿಯ ಮಗ್ಗುಲನ್ನೂ ಹಿಡಿಯನ್ನೂ ಒಟ್ಟಿಗೆ ಕಾಯಿಸಿ ಕೂಡಿಸು. ಮುಂಚಿತವಾಗಿ ಮಾಡಿ ನೋಡಬೇಡ, ಎರಡು ಸಲ ಕಾಯಿಸಿದರೆ ಬಣ್ಣ ಹೋಗುತ್ತದೆ. ಅಧಿಕಾರಿಗಳು ಬಂದಾಗಲೇ ಮಾಡು.

ಮೈಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡು, ಸೊರಗಿದ್ದೀಯೆ ಎಂದು ಕೇಳಿದೆ.

ನಿನ್ನ ಅಕ್ಕ


ಭದ್ರಾವತಿ
24 ನವೆಂಬರ್ 1935

ಅಕ್ಕ,

ಎಲ್ಲ ಮುಗಿದುಹೋಯಿತು. ನಿನ್ನ ಪತ್ರ ಬಂದಾಗ ಎಷ್ಟು ಸಂತೋಷಪಟ್ಟಿದ್ದೆ! ಪ್ರಯೋಗಶಾಲೆಯ ಗಾಜಿನ ನಳಿಗೆಯನ್ನೂ ಹೀಗೇ ಬೆಸೆಯುತ್ತೇವಲ್ಲ, ನನಗೇ ಯಾಕೆ ಹೊಳೆಯಲಿಲ್ಲ ಎಂದುಕೊಂಡೆ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿದ್ದರು. ಅಧಿಕಾರಿಗಳು, ಸಾಹೇಬರು, ಅವರ ಸ್ನೇಹಿತರಿಬ್ಬರು ಸುತ್ತ ನಿಂತಿದ್ದರು. ದೀಪ ಹಚ್ಚಿ ಹೂಜಿಯನ್ನು ಉರಿಗೆ ಹಿಡಿದೆ. ಅಧಿಕಾರಿಗಳು "ಏಯ್, ಏನ್ರೀ ಮಾಡ್ತಿದೀರಿ!" ಎಂದು ಕೂಗಿದರು. ಅಷ್ಟರಲ್ಲಿ ಚಿಟ್ ಎಂದಿತು. ಆಮೇಲೆ ನನ್ನ ಎರಡು ಕೈಯ ನಡುವೆ ಹೂಜಿ ಇರಲಿಲ್ಲ. ಅಂಟಿದ್ದ ಅರಗಿಗೂ ಬೆಂಕಿ ಹತ್ತಿತು. ಎಣಿಸಲಾಗದಷ್ಟು ಚೂರು, ಅವಲಕ್ಕಿಯ ಹಾಗೆ ಪದರ ಪದರ ಪುಡಿ. ಜವಾನ ಗುಡಿಸಿ ತೆಗೆದುಕೊಂಡು ಹೋದ. ಎಲ್ಲಿ ಹಾಕಿದನೋ ಕೇಳುವ ಧೈರ್ಯ ಬರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಲಾಖೆಯ ಕೆಲಸ ಹೋಯಿತು. ಸಾಹೇಬರು ನನ್ನ ಮುಖ ನೋಡುವುದಿಲ್ಲ. ಹೀಗೆ ಕಾಯಿಸಲು ನಿನಗೆ ಯಾರು ಹೇಳಿದರು, ಬರೆದುಕೊಡು ಎಂದರು. ಬರೆದುಕೊಟ್ಟೆ: ಹೂಜಿಯನ್ನು ಹಿಂದೆ ಶಾಸ್ತ್ರೀಯವಾಗಿ ಕೂಡಿಸಿದವನು ನಾನೇ, ಈ ಸಲ ಮಾತ್ರ ಹಳೆಯ ಗಾಜಿನ ಗುಣ ತಿಳಿಯದ ಅನಕ್ಷರಸ್ಥ ಹೆಂಗಸೊಬ್ಬಳ ಮಾತು ನಂಬಿ ಕೆಟ್ಟೆ ಎಂದು. ಹೆದರಬೇಡ, ನಿನ್ನ ಹೆಸರು ಎಲ್ಲೂ ಹಾಕಿಲ್ಲ. ನಿನ್ನ ಮಾನ ಕಾಪಾಡಿದ್ದೇನೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಕ್ಕ. ಪಾಪ, ನಿನಗೇನು ಗೊತ್ತು. ಬಳೆಯಂತೆಯೇ ಎಲ್ಲ ಗಾಜು ಎಂದು ನೀನು ತಿಳಿದುಕೊಂಡೆ. ಓದಿದ ನಾನು ಕೇಳಬಾರದಿತ್ತು.

ಜನಾರ್ದನ


ಶಿವಮೊಗ್ಗ
1 ಡಿಸೆಂಬರ್ 1935

ಜನಾರ್ದನ,

ನನಗೆ ಗೊತ್ತಿತ್ತು.

ಡಬ್ಬಿ ಬಂದ ದಿನವೇ ಒಂದು ಚಿಕ್ಕ ಚೂರನ್ನು ದೀಪಕ್ಕೆ ಹಿಡಿದಿದ್ದೆ, ಬಳೆಚೂರಿನ ಹಾಗೆ ಬಾಗುತ್ತದೇನೋ ಎಂದು. ಸಾಸಿವೆಯ ಹಾಗೆ ಸಿಡಿಯಿತು. ನನ್ನ ಬೆರಳು ಸುಟ್ಟದ್ದು ಒಲೆಯ ಕೆಂಡದಿಂದಲ್ಲ. ಮೂವತ್ತೊಂದನೆಯ ಚೂರು ಅದು. ಅದರ ಪುಡಿಯನ್ನು ಗುಡಿಸಿ ನನ್ನ ಕುಂಕುಮದ ಭರಣಿಯಲ್ಲಿ ತುಂಬಿಟ್ಟಿದ್ದೇನೆ, ಆ ಭರಣಿ ನನಗೆ ಬೇರೆ ಯಾವುದಕ್ಕೂ ಬೇಕಿರಲಿಲ್ಲ. ನಾಚಿಕೆಯಿಂದ ನಿನಗೆ ಹೇಳಲಿಲ್ಲ. ನೀನು ಮೂರ್ತಪ್ಪನನ್ನು ಅಳಿಸಿದಾಗಲೂ ಬಾಯಿ ಬಿಡಲಿಲ್ಲ. ಮೊನ್ನೆ ಅವನ ಮನೆಗೆ ಹೋಗಿ ಕೈಮುಗಿದೆ. ಅವನವ್ವ, "ಒಂಬತ್ತು ತಿಂಗಳು ನನ್ನ ಮಗನ್ನ ಕಳ್ಳ ಅನ್ನಿಸಿದ್ಯಲ್ಲೇ ತಾಯಿ" ಎಂದು ಬಾಗಿಲು ಹಾಕಿಕೊಂಡಳು. ನನಗೆ ಅದೇ ಆಗಬೇಕಾದ್ದು.

ಇನ್ನು ಚೀಟಿ. ನಾನು ಮೈಸೂರಿಗೆ ಹೋಗಿದ್ದೆ ಕಣೋ. ಚಿನ್ನಮ್ಮ, ನಾನು, ಪೇಟೆಯ ಹೆಂಗಸರು ಆರು ಜನ, ದಸರಾ ರೈಲಿನಲ್ಲಿ. ನನ್ನ ಹೂಜಿಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ನಾನೂ ಸಾಲಿನಲ್ಲಿ ನಿಂತೆ. ಹತ್ತಿರ ಬಂದಾಗ ಓದಿದೆ. "ಕೂಡಿಸಿದವರು ಶ್ರೀ ಜನಾರ್ದನ, ಭದ್ರಾವತಿ." ಅಷ್ಟೇ ಇತ್ತು, ಪಕ್ಕದಲ್ಲಿ ಇನ್ನೂ ನಾಲ್ಕು ಸಾಲು ಬರೆಯುವಷ್ಟು ಜಾಗ ಬಿದ್ದಿತ್ತು. ಚಿನ್ನಮ್ಮನಿಗೆ ಓದು ಬರುವುದಿಲ್ಲ. "ನಿನ್ನ ಹೆಸ್ರು ಎಲ್ಲಿದೆಯೇ, ತೋರ್ಸೇ" ಎಂದು ಆಸೆಯಿಂದ ಕೇಳಿದಳು. ನಿನ್ನ ಹೆಸರಿನ ಮೇಲೆ ಬೆರಳಿಟ್ಟು "ಇಲ್ಲಿ" ಅಂದೆ. ಅವಳು ಆ ಅಕ್ಷರ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಆಗಲೂ ನಿನ್ನನ್ನು ಬಿಟ್ಟುಬಿಡುತ್ತಿದ್ದೆನೇನೋ. ನಿಜ ಬರೆಯುತ್ತೀಯಾ ನೋಡೋಣವೆಂದು ಕೇಳಿದೆ. ನೀನು ಜಾಗ ಸಾಲಲಿಲ್ಲ ಎಂದೆ. ನಿನ್ನಂಥವಳು ಎಂದೆ. ಬೇರೆಯವರು ಸೆರಗು ಎಳೆದುಕೊಂಡು ಸರಿದರೆ ಸಹಿಸಿಕೊಂಡಿದ್ದೆ. ನೀನೂ ಸರಿದೆಯಲ್ಲ! ಆ ಹೊಟ್ಟೆಯುರಿಯಲ್ಲಿ ಕೂತು ಏಳನೆಯ ತಾರೀಕಿನ ಪತ್ರ ಬರೆದೆ. ಒಂದೊಂದು ಮಾತೂ ತಿಳಿದೇ ಬರೆದದ್ದು. ಅಂಚೆಗೆ ಹಾಕಿ ಬಂದು ನೆಮ್ಮದಿಯಾಗಿ ಊಟ ಮಾಡಿದೆ.

ಮಾರನೆಯ ದಿನದಿಂದ ಒಂದು ತುತ್ತೂ ಇಳಿಯಲಿಲ್ಲ. ತಂತಿ ಕೊಟ್ಟು ತಡೆಯಬಹುದಿತ್ತು, ಹನ್ನೆರಡು ದಿನ ಇತ್ತು. ದಿನಾ ಬೆಳಿಗ್ಗೆ ಹೊರಟು ಅಂಗಡಿಯ ಮೆಟ್ಟಿಲವರೆಗೆ ಬಂದು ಒಳಗೆ ಹೋದೆ. ಹೂಜಿ ನನಗೇನು ಮಾಡಿತ್ತು? ನನ್ನ ಕೈಯನ್ನು ದೂರ ಮಾಡದೆ ನಂಬಿದ್ದು ಅದೊಂದೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ. ಅದಕ್ಕೆ ನೀನು ಕೊಡುವ ಯಾವ ಶಿಕ್ಷೆಯೂ ನನಗೆ ಸಣ್ಣದು.

ಆದರೆ ನಿನಗೇನು ಗೊತ್ತು ಎಂದು ಮಾತ್ರ ಬರೆಯಬೇಡ. ನಿನ್ನ ಬೆರಳು ಹಿಡಿದು ಮರಳಿನ ಮೇಲೆ ಅ, ಆ ತಿದ್ದಿಸಿದವಳು ನಾನು. ಅನಕ್ಷರಸ್ಥೆಯಂತೆ! ಆ ಹೂಜಿಯ ಬಗ್ಗೆ ನಿನ್ನ ಸಾಹೇಬರಿಗೆ, ನಿನ್ನ ಅಧಿಕಾರಿಗೆ ತಿಳಿಯದ್ದು ನನಗೆ ಗೊತ್ತಿತ್ತು. ಎಲ್ಲಿ ಮುಟ್ಟಿದರೆ ನಿಲ್ಲುತ್ತದೆ, ಏನು ಮಾಡಿದರೆ ಸಾಯುತ್ತದೆ ಎರಡೂ ಗೊತ್ತಿತ್ತು.

ಬರೆದುಕೊಟ್ಟ ಕಾಗದವನ್ನು ವಾಪಸು ತೆಗೆದುಕೊ. "ಅನಕ್ಷರಸ್ಥ ಹೆಂಗಸೊಬ್ಬಳು" ಎಂಬುದನ್ನು ಹೊಡೆದುಹಾಕು. ಕೂಡಿಸಿದವಳು ಶಿವಮೊಗ್ಗದ ಹುಲಿಗೆಮ್ಮ, ಒಡೆಸಿದವಳೂ ಅವಳೇ, ಗೊತ್ತಿದ್ದೇ ಒಡೆಸಿದಳು ಎಂದು ಬರೆ. ಈ ಸಲ ಜಾಗ ಸಾಲದಿದ್ದರೆ ಮೊದಲನೆಯದನ್ನು ಬಿಡು. ತಪ್ಪಿನ ಮುಂದಾದರೂ ನನ್ನ ಹೆಸರು ಇರಲಿ.

ಹುಲಿಗೆಮ್ಮ